ಅಳತಿ

ಮೂರು ಸಾಲಿಗೂ ನಾನೇ ಹೊಲೀತೀನಿ.
ಅದೇ ನೀಲಿ ಥಾನು, ಅದೇ ಡಬ್ಬಿದಾಗಿನ ಗುಂಡಿ,
ಜೂನದಾಗ ಹೋಗೋವಾಗ ಎಲ್ಲಾ ಒಂದೇ.
ದೀಪಾವಳಿ ದಾಟಿ ರಿಪೇರಿಗಿ ವಾಪಸ್ ಬಂದಾಗ
ಈ ಚಿಟಗುಪ್ಪದಾಗ ಯಾವ ಬಟ್ಟಿ ಯಾವ ಸಾಲೀದು ಅಂತ
ಕಣ್ಣು ಮುಚ್ಚಿ ಹೇಳ್ತೀನಿ.

ಕೆರಿ ಕಡಿ ಸಾಲೀದು ಹಿಂದ ಸವೆದಿರ್ತದ,
ಬೆಂಚಿಲ್ಲ, ಫರ್ಶಿ ಮ್ಯಾಲ ಕೂಡಿಸ್ತಾರ.
ತಹಸೀಲ್ ಬಾಜೂಕಿಂದು ಮಗ್ಗಲ ಬಿಚ್ಚಿರ್ತದ;
ಬೆಂಚ್ ಅದಾವ, ಒಂದಕ್ಕ ಐದು ಮಂದಿ.
ಹಳೇ ಗಂಜ್ ಸಾಲೀದು ಹರಿದಿರಂಗಿಲ್ಲ,
ಬಲಗೈ ತೋಳಿಗಿ ಮಾತ್ರ ಖಡೂನ ಪುಡಿ,
ಎಷ್ಟು ಒಗೆದ್ರೂ ಗೆರಿಗೆರಿ ಉಳಿದಿರ್ತದ.
ಅಲ್ಲಿ ವೈಜಿನಾಥ ಮಾಸ್ತರು
ಒಬ್ಬೊಬ್ಬರಿಗಿ ಕರೆದು ಬೋರ್ಡಿಗಿ ನಿಂದರಿಸ್ತಾರಂತ,
ಲೆಕ್ಕ ತಪ್ಪಿದ್ರ ಅಳಿಸಲಾಕ ಬಿಡಂಗಿಲ್ಲಂತ,
ತಪ್ಪಿನ ಬಾಜೂಕೇ ಖರೇದು ಬರೀಬೇಕಂತ.

ನಮ್ಮ ನೀಲಮ್ಮ ಐದು ಪಾಸಾದಳು. ಆರಕ್ಕ ಎಲ್ಲಿಗಿ?
ಮನಿ ತುಂಬ ತಕ್ಕಡಿ.
ಮೈದುನ ಕಂಪ್ಯೂಟರ್ ಎಣಿಸಿ ಬಂದ:
ತಹಸೀಲ್ ಬಾಜೂಕ ಎಂಟು.
ಎಂಟಕ್ಕೂ ಪ್ಲಾಸ್ಟಿಕ್ ಹೊದಿಕಿ, ಎಂಟಕ್ಕೂ ಹೋದ ದಸರಾದ ಕುಂಕುಮ,
ಬೆರಳಿನ ಗುರುತು ಒಂದಕ್ಕೂ ಇಲ್ಲ.
ಅತ್ತಿ ಹೆಜ್ಜಿ ಎಣಿಸಿದ್ರು, ಲಾರಿ ಎಣಿಸಿದ್ರು.
ಶಹಜಾದಿ ಆಪಾ, ಕೆರಿ ಕಡಿ ಸಾಲ್ಯಾಗ ಅಡಗಿ ಮಾಡಾಕಿ,
"ನಮ್ಮಲ್ಲಿ ಹಾಕು, ಬ್ಯಾಳಿದಾಗ ಬ್ಯಾಳಿ ಇರ್ತದ" ಅಂದಳು.
ಅದು ಸುಳ್ಳಲ್ಲ, ನಾನೂ ಉಂಡೀನಿ.

ಟೇಪು ಕೊಳ್ಳಾಗ ಹಾಕ್ಕೊಂಡು
ಅಳತಿ ನೆವ ಮಾಡಿ ಮೂರೂ ತಿರುಗಿದೆ.
ಎರಡು ಸಾಲಿಗಿ ಇಂಗ್ಲಿಷ್ ಮೇಡಂ ಒಬ್ಬಾಕಿನೇ,
ಬುಧವಾರ ಇಲ್ಲಿ, ಗುರುವಾರ ಅಲ್ಲಿ,
ಶನಿವಾರ ಎಲ್ಲಿ ಅಂತ ಆಕಿಗೇ ಗೊತ್ತಿಲ್ಲ.
ಒಂದರ ಗ್ವಾಡಿ ಮ್ಯಾಲ ಕರ್ನಾಟಕದ ನಕಾಶಿ ಬರೆಸ್ಯಾರ,
ಮಳಿ ನೆನೆದು ಗಿಲಾವು ಉದುರೇದ,
ಬರೋಬ್ಬರಿ ನಾವಿರೂ ಜಾಗದಾಗೇ.

ಗಂಜ್ ಸಾಲಿನೇ ಅಂತ ಒಳಗೊಳಗ ಗಂಟು ಹಾಕಿದ್ದೆ.
ರಾತ್ರಿ ಹುಕ್ಕು ಹಚ್ಚೋವಾಗ ಕೇಳಿದೆ, ನಿನಗೆಲ್ಲಿಗಿ ಹೋಗಬೇಕು?
"ಕೆರಿ ಕಡಿ."
ಬ್ಯಾಳಿಗೇನ?
ತಲಿ ಅಲ್ಲಾಡಿಸಿದಳು.
ಗೆಳತೇರು ಅದಾರಂತೇನ?
ದಾರ ಬೆರಳಿಗಿ ಸುತ್ತಿದಳು, ಬಿಚ್ಚಿದಳು, ಸುತ್ತಿದಳು.
"ಅಲ್ಲಿ ಸಂಡಾಸಿಗಿ ಒಳಗಿಂದ ಕೊಂಡಿ ಅದ.
ಗಂಜದಾಗ ಒಬ್ಬಾಕಿ ಹೊರಗ ನಿಂತು ಬಾಗಿಲ ಹಿಡೀಬೇಕು.
ಮೂಲಿಮನಿ ಭುವನಾ ಅಲ್ಲೇ ಏಳನೇತ್ತ.
ಮುಂಜಾನಿಂದ ಸಂಜಿ ತನ ನೀರೇ ಕುಡಿಯಂಗಿಲ್ಲ ಆಕಿ."

ದಿನಕ್ಕ ನಾಕು ಡಜನ್ ಹುಕ್ಕು ಹಚ್ಚಾಕಿ ನಾನು.
ಮೂರು ಸಾಲಿ ಅಳೆದು ಬಂದೀನಿ.
ಆ ಬಾಗಿಲು ನೂಕಿ ನೋಡಿರಲಿಲ್ಲ.

ಮರುದಿನ ಹಾರ್ಡ್‌ವೇರ್ ಅಂಗಡ್ಯಾಗ ನಲವತ್ತೈದು ರೂಪಾಯಿ ಕೊಂಡಿ.
ಗಂಜ್ ಸಾಲಿ ಹೆಡ್‌ಮಾಸ್ತರು ಕನ್ನಡಕ ಏರಿಸಿದ್ರು:
"ಸರಕಾರಿ ಬಾಗಿಲಮ್ಮ ಅದು,
ಎಸ್‌ಡಿಎಂಸಿ ಠರಾವು ಆಗಬೇಕು."
ಬರೀರಿ ಸರ್, ಅಂದೆ,
ನೀವು ಬರೆಯೋದ್ರಾಗ ನಾನು ಹಚ್ಚಿಬಿಡ್ತೀನಿ.
ಕತ್ತರಿ ತುದೀಲೆ ಸ್ಕ್ರೂ ತಿರುವಿದೆ.
ವೈಜಿನಾಥ ಮಾಸ್ತರು ಬಂದು ಬಾಗಿಲ ಹಿಡಿದು ನಿಂತ್ರು,
ಒಂದು ಮಾತಿಲ್ಲ, ತೋಳ ತುಂಬ ಪುಡಿ.

ಕಟ್ಟಿಗಿ ಹುಳ ತಿಂದದ, ನಾಕನೇ ಸ್ಕ್ರೂ ಹಿಡೀಲಿಲ್ಲ.
ಸದ್ಯಕ್ಕ ಮೂರರ ಮ್ಯಾಲ ಅದ.
ನೀಲಮ್ಮ ಒಳಗ ಹೋಗಿ ಹಾಕಿದಳು, ತೆಗೆದಳು,
ಮತ್ತ ಹಾಕಿದಳು.
ಎಲ್ಲಿಗಿ ಹೆಸರು ಹಚ್ಚಲಿ ಅಂತ ನಾನೂ ಕೇಳಲಿಲ್ಲ,
ಆಕಿನೂ ಹೇಳಲಿಲ್ಲ.
ಅಷ್ಟರಾಗ ಏಳನೇತ್ತಾದ ಬಾಗಿಲದಿಂದ
ಎರಡು ಜಡಿ ಹಾಕಿದ ಹುಡುಗಿ ಒಬ್ಬಾಕಿ
ನಮ್ಮ ಕಡಿ ಒಂದು ಗಳಿಗಿ ನೋಡಿ
ನಳದ ಕಡಿ ಹೋದಳು.
ಭುವನಾ ಇರಬೇಕು.